ನಾಲೆ ಹತ್ತುವುದಿಲ್ಲ

ರಾತ್ರಿ ಪಾಳಿ ಮುಗಿಯುವುದು ಆರಕ್ಕೆ.
ಕೊನೆಯ ಸೀಸೆಗೆ ಹೆಸರು ಅಂಟಿಸಿ, ಕೈಗವಸು ಕಳಚಿ,
ಆಸ್ಪತ್ರೆ ಹಿಂದಿನ ಗ್ರಿಲ್ಲಿನಿಂದ ಸೈಕಲ್ ಬಿಡಿಸಿಕೊಂಡರೆ
ಮಂಡ್ಯ ಇನ್ನೂ ಶಟರ್ ಎತ್ತಿರುವುದಿಲ್ಲ.
ನಿದ್ದೆ ಮನೆಯಲ್ಲಿ ಕಾಯಲಿ,
ಅದೆಲ್ಲಿಗೆ ಹೋಗುತ್ತದೆ.

ತೂಬಿನಕೆರೆಯ ತನಕ ಲಾರಿಗಳ ಗಾಳಿ.
ಅಲ್ಲಿಂದ ಒಳದಾರಿ; ಒಮ್ಮೆಗೇ ಕಿವಿ ತೆರೆಯುತ್ತದೆ:
ಚೈನಿನ ಸದ್ದು, ನನ್ನದೇ ಉಸಿರು,
ಗದ್ದೆಯಾಚೆ ಯಾರೋ ಪಂಪಿಗೆ ಬಯ್ಯುತ್ತಿರುವುದು.
ಲೋಕಪಾವನಿ. ಹೆಸರಿಗೇ ನಾಲ್ಕು ದಡ ಬೇಕು,
ನೀರು ಮಾತ್ರ ಎಮ್ಮೆಯ ಮಂಡಿ ಮುಳುಗುವಷ್ಟು.
ನೀಲಿ ನರದ ಹಾಗೆ ಎನ್ನಬಾರದೆಂದು ಆಣೆ ಇಟ್ಟುಕೊಂಡಿದ್ದೇನೆ;
ರಾತ್ರಿಯಿಡೀ ನರ ಹುಡುಕಿದವಳಿಗೆ
ನದಿ ನದಿಯಾಗಿಯೇ ಸಿಗಲಿ.

ಆಲೆಮನೆಯೊಂದರ ಹೊಗೆ ರಸ್ತೆಗೆ ಅಡ್ಡ ಮಲಗಿತ್ತು.
ಹೊಕ್ಕು ಹೊರಬಂದಾಗ
ತುಟಿ ಸಿಹಿ. ನೆಕ್ಕಿಕೊಂಡೆ, ಯಾರೂ ನೋಡಲಿಲ್ಲ.

ಮುಂದಿನ ಊರಲ್ಲಿ ಟಾರಿನ ಮೇಲೆಲ್ಲ ಹುರುಳಿ ಹರವಿದ್ದರು.
ಬಳಸಿ ಹೋಗಲು ಜಾಗವಿಲ್ಲ,
ನುಗ್ಗಿದೆ.
ಜಗಲಿ ಮೇಲಿನ ಮುದುಕಿ ಕೂಗಿದಳು:
"ನಿನ್ ಗಾಲಿಗೆ ತೂಕಾನೇ ಇಲ್ವಲ್ಲವ್ವಾ,
ಒಂದ್ ಕಾಳೂ ಉದುರ್ನಿಲ್ಲ!"
ಉದುರಲಿಲ್ಲ. ಬಳ್ಳಿ ಮಾತ್ರ ಹಲ್ಲುಚಕ್ರಕ್ಕೆ ಸುತ್ತಿಕೊಂಡು
ಊರಾಚೆ, ನಾಲೆಯ ಸೇತುವೆ ಮೇಲೆ, ನಾನು ನಿಂತೆ.

ಅಲ್ಲಿ ಸಿಕ್ಕವರು ನೀರುಗಂಟಿ ಚಿಕ್ಕಜವರಯ್ಯ.
ಹೆಗಲಲ್ಲಿ ಗುದ್ದಲಿ, ಪಕ್ಕದಲ್ಲಿ ಕರಿ ಸೈಕಲ್ಲು,
ಅದರ ಕ್ಯಾರಿಯರಿಗೆ ರಬ್ಬರಿನಲ್ಲಿ ಬಿಗಿದ ತೂಬಿನ ಕೀಲಿ.
ಕೇಳದೆಯೇ ಕುಕ್ಕರುಗಾಲಲ್ಲಿ ಕೂತು
ಹೇನು ತೆಗೆದ ಹಾಗೆ ಒಂದೊಂದೇ ಎಳೆ ತೆಗೆದರು.
ಆಮೇಲೆ ನನ್ನ ಗಾಡಿಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿ,
"ಸ್ಟ್ಯಾಂಡಿಲ್ಲ, ಕ್ಯಾರಿಯರಿಲ್ಲ, ಬೆಲ್ಲೂ ಇಲ್ಲ.
ಇದು ನಿಲ್ಲದೆಂಗೆ?"
"ಓಡ್ತಾ ಇದ್ರೆ ನಿಲ್ತದೆ" ಅಂದೆ.
ನಗಲಿಲ್ಲ.
"ಎಲ್ಲಿಗೆ?"
"ಕರಿಘಟ್ಟ."
"ಪೂಜೆಯಾ?"
"ಇಲ್ಲ. ಹತ್ತಿ, ಇಳಿಯೋದು."

ಅದನ್ನವರು ತುಸು ಹೊತ್ತು
ಎಲೆಯಡಿಕೆಯ ಹಾಗೆ ದವಡೆಯಿಂದ ದವಡೆಗೆ ಹೊರಳಿಸಿದರು.
"ನಂದು ಮೂವತ್ತೊಂದು ವರ್ಷ ಈ ಏರಿ ಮ್ಯಾಲೆ.
ಒಂದಿನ ಪೆಡ್ಲ್ ಮ್ಯಾಲೆ ಎದ್ದು ನಿಂತಿಲ್ಲ.
ನಾಲೆ ಹತ್ತಾಕಿಲ್ಲ ಕಣವ್ವ. ಗುಡ್ಡ ಬಂದ್ರೆ ಬಳಸ್ತದೆ.
ಹುಲಿಕೆರೆ ತಾವ ಬಳಸಾಕೂ ಆಗ್ದೆ
ಬೆಟ್ಟದ ಹೊಟ್ಟೇನೇ ತೂತು ಮಾಡ್ಕಂಡು ಹೋಯ್ತು.
ಅದರ ಹಿಂದ್ಗುಟ್ಟೆ ನಾನು."

ಒಂದು ಫರ್ಲಾಂಗು ಜೊತೆಗೆ ಹೋದೆವು.
ಅವರ ಚೈನ್ ಕವರು ಹೆಜ್ಜೆಗೊಮ್ಮೆ ಕೆಮ್ಮುತ್ತಿತ್ತು.
ನೀರಿನಲ್ಲಿ ಒಂದು ತೆಂಗಿನ ಕರಟ
ನಮ್ಮಷ್ಟೇ ವೇಗದಲ್ಲಿ, ನಮ್ಮನ್ನು ನೋಡದೆ.

ಕರಿಘಟ್ಟದ ಎರಡನೇ ತಿರುವಿಗೇ ಗೇರು ಮುಗಿದುಹೋದವು.
ಎದ್ದು ನಿಂತೆ.
ಒಣದರ್ಭೆ, ಕಾದ ಕಲ್ಲು, ಮೂಗಿನ ತುದಿಯಿಂದ ಬಿದ್ದ ಬೆವರು.
ಮೋಟುಗೋಡೆಯ ಮೇಲಿನ ಓತಿಕ್ಯಾತ ಕತ್ತು ಆಡಿಸುತ್ತಿತ್ತು,
ಹೌದು ಹೌದು ಎಂದೋ, ಸಾಕು ಸಾಕು ಎಂದೋ.
ಇಷ್ಟು ವರ್ಷ ಎಷ್ಟು ಜನರ ಮಣಿಕಟ್ಟು ಹಿಡಿದಿದ್ದೇನೆ,
ಯಾರ ನಾಡಿಯೂ
ಹೀಗೆ ಬಾಗಿಲು ಬಡಿದಿರಲಿಲ್ಲ.

ಮೇಲೆ ಮಾಡಲು ಏನೂ ಇರಲಿಲ್ಲ.
ಬಾಟಲಿಯ ಬಿಸಿನೀರು ಕುಡಿದೆ.
ಕೆಳಗೆ ಲೋಕಪಾವನಿ ತನ್ನ ಉದ್ದನೆ ಹೆಸರನ್ನು
ದಡದಲ್ಲಿ ಕಳಚಿಟ್ಟು ಕಾವೇರಿಗೆ ಇಳಿಯುತ್ತಿತ್ತು.
ನಾಲೆಯನ್ನು ಹುಡುಕಿದೆ. ಸಿಗಲಿಲ್ಲ.
ಕಣ್ಣು ಕಿರಿದು ಮಾಡಿದಾಗ ತಿಳಿಯಿತು:
ಕೆಳಗೆ ಕಬ್ಬು, ಭತ್ತ;
ಮೇಲೆ ಕುರುಚಲು, ಕೆಂಪು ಮಣ್ಣು;
ಹಸಿರು ಎಲ್ಲಿ ನಿಂತಿದೆಯೋ
ಆ ಗೆರೆ.
ಅಷ್ಟುದ್ದಕ್ಕೂ ಎದ್ದು ನಿಲ್ಲದೆ ತುಳಿದ ಒಬ್ಬ ಮನುಷ್ಯ
ಇಲ್ಲಿಂದ ಕಾಣುವುದಿಲ್ಲ.

ಹದಿನೇಳು ನಿಮಿಷ ಹತ್ತಿದ್ದು ಮೂರರಲ್ಲಿ ಮುಗಿಯಿತು.
ಬ್ರೇಕಿನ ಸುಟ್ಟ ವಾಸನೆ, ಕಣ್ಣಲ್ಲಿ ಗಾಳಿಯ ನೀರು.

ಸೇತುವೆಯ ಬಳಿ ಅವರು ತೂಬಿಗೆ ಕೀಲಿ ತಿರುವುತ್ತಿದ್ದರು.
ಬೆಲ್ಲಿಲ್ಲದ ಸೈಕಲ್ಲು, ಆದರೂ ಗುರುತು ಹತ್ತಿತು;
ತಲೆ ಎತ್ತದೆ ಕೇಳಿದರು:
"ಬೆಟ್ಟ ಅಲ್ಲೇ ಐತಾ?"

"ಐತೆ" ಅಂದೆ,
ನಿಲ್ಲದೆ.