ಇಲ್ಲಿಗೆ ಬಂದೆ

ಮೂರು ವಾರದಿಂದ ಏಳನೆಯ ಗಾಜಿನಮನೆಯ
ವಾಲ್ವು ರಾತ್ರಿ ಮುಚ್ಚುತ್ತಿಲ್ಲ.
ಬೆಳಿಗ್ಗೆ ಬಂದರೆ ಟೊಮೇಟೊ ಬುಡವೆಲ್ಲ ಕೆಸರು,
ಬೂಟು ಎತ್ತಿದರೆ ಪಚಕ್ಕೆನ್ನುತ್ತದೆ,
ಪೆಟ್ಟಿಗೆಯ ದುಂಬಿಗಳು ಹೊರಗೆ ಬರಲು ಒಲ್ಲವು.

ಸೆಲ್ಫೊಸ್‌ನಿಂದ ಹಾಲ್ಬೆರಾ ಬಂದಳು.
ಕಾರಿನ ಚಕ್ರಕ್ಕೆ ಹಿಮ, ಬಗಲಲ್ಲಿ ಲ್ಯಾಪ್‌ಟಾಪು.
ಗೊಬ್ಬರದ ಡ್ರಮ್ಮು ಬೋರಲು ಹಾಕಿ ಕೂತಳು.
ನನಗೆ ಗಿಡ ಗೊತ್ತು, ಗಿಡದ ಜ್ವರ ಗೊತ್ತು;
ಅವಳು ತೆರೆದದ್ದು ಗೊತ್ತಿಲ್ಲ. ಕಾಫಿ ಕೊಟ್ಟೆ.

ಹೇಳಿದಳು: ಕಿಟಕಿಗೊಂದು ಸ್ಕ್ರಿಪ್ಟು, ದೀಪಕ್ಕೊಂದು, ನೀರಿಗೊಂದು.
ಎಲ್ಲಕ್ಕೂ ಶುರುವಾಗುವಾಗ ಕರೆಯುವ ತುಂಡೊಂದಿದೆ,
ಮುಗಿಯುವಾಗ ಕರೆಯುವ ತುಂಡೊಂದಿದೆ.
'ವಾಲ್ವು ಮುಚ್ಚು' ಎಂಬ ಅಪ್ಪಣೆ ಇರುವುದು
ಆ ಎರಡನೆಯದರಲ್ಲಿ.
ಅದನ್ನು ಯಾರೂ ಕರೆಯುತ್ತಿಲ್ಲ.

ಯಾರು ಕರೆಯಬೇಕು? ಕೇಳಿದೆ.
ಅದೇ ತಿಳಿಯಬೇಕು, ಎಂದಳು.

ಆ ತುಂಡಿನ ನೆತ್ತಿಯ ಮೇಲೆ ಒಂದು ಸಾಲು ಕೂರಿಸಿದಳು:
'ಇಲ್ಲಿಗೆ ಬಂದೆ.'
ಎಲ್ಲ ನಿಲ್ಲಿಸಿದಳು. ಪರದೆ ಖಾಲಿ.
ಹೆಸರಿನ ಕಾಗುಣಿತ ನೋಡಿದಳು,
ದೊಡ್ಡಕ್ಷರ ಚಿಕ್ಕಕ್ಷರ ನೋಡಿದಳು,
ನೋಂದಣಿಯ ಪಟ್ಟಿಗೆ ಬೆರಳಿಟ್ಟು ಎಣಿಸಿದಳು.
ಎಲ್ಲ ಸರಿ. ಪರದೆ ಖಾಲಿ.
ಹನ್ನೊಂದು ಸಲ.

ನಮ್ಮ ಕಡೆ ಫೋನು ಇಡುವಾಗ
ಬ್ಲೆಸ್, ಬ್ಲೆಸ್, ಬ್ಲೆಸ್ ಬ್ಲೆಸ್ –
ಐದಾರು ಸಲ ಹೋಗಿಬರುವ ಮಾತಾಡದೆ ಯಾರೂ ಇಡರು.
ನನ್ನ ಸೋದರತ್ತೆ ಇಟ್ಟ ಮೇಲೂ ಹೇಳುತ್ತಿದ್ದಳು, ಗೋಡೆಗೆ.
ಇಂಥ ದೇಶದಲ್ಲಿ ಒಂದು ಸ್ಕ್ರಿಪ್ಟು
ಚಕಾರವೆತ್ತದೆ ಎದ್ದು ಹೋಗುವುದೆಂದರೆ
ನನಗೆ ಸಿಟ್ಟು.

ಹೋಗುತ್ತಿಲ್ಲ, ಎಂದಳು ರಾತ್ರಿ ಎರಡಕ್ಕೆ,
ಬಿಸಿನೀರಿನ ಕೊಳವೆಗೆ ಬೆನ್ನು ಕೊಟ್ಟು.
ಹೋಗುತ್ತಲೇ ಇಲ್ಲ, ಅದಕ್ಕೇ ಹೇಳುತ್ತಿಲ್ಲ.
ಕಿಟಕಿ ನೀರನ್ನು ಹಿಡಿದಿದೆ, ನೀರು ಕಿಟಕಿಯನ್ನು.
ತನ್ನನ್ನು ಹಿಡಿದವರು ಯಾರೂ ಉಳಿದಿಲ್ಲವೆಂದಾಗ ಮಾತ್ರ
ಆ ಕೊನೆಯ ತುಂಡಿಗೆ ಸರದಿ.
ಲೆಕ್ಕ ಇಳಿದು ಇಳಿದು ಒಂದಕ್ಕೆ ನಿಲ್ಲುತ್ತದೆ,
ಸೊನ್ನೆಗೆ ಬರುವುದಿಲ್ಲ.
ಅಷ್ಟರಲ್ಲಿ ನಿನ್ನ ಟೈಮರು ಕರೆಂಟು ಕೀಳುತ್ತದೆ,
ವಾಲ್ವು ಬಾಯಿ ತೆರೆದೇ ಇರುತ್ತದೆ.

ಕೇಟಿಲ್ ನೆನಪಾದ.
ತಮ್ಮ. ಈ ಏಳು ಗಾಜಿನಮನೆಯಲ್ಲಿ ಅರ್ಧ ಅವನದು.
ಮಾರೋಣ ಎಂದು ಅವನೇ ಮೊದಲು ಹೇಳಲಿ ಎಂದು ನಾನು,
ಅಣ್ಣ ಹೇಳಲಿ ಎಂದು ಅವನು,
ಒಂಬತ್ತು ಚಳಿಗಾಲ.
ಹಾಲ್ಬೆರಾಳಿಗೆ ಇದನ್ನು ಹೇಳಲಿಲ್ಲ.
ಇನ್ನೊಂದು ಕಾಫಿ ಕೊಟ್ಟೆ.

ಅವಳು ಬದಲಿಸಿದ್ದು ಒಂದೇ ಪದ.
ಕಿಟಕಿಗೆ ನೀರಿನ ವಿಳಾಸ ಗೊತ್ತಿರಲಿ ಸಾಕು,
ಕೈ ಹಿಡಿಯುವುದು ಬೇಡ, ಎಂದಳು,
ಸಕ್ಕರೆ ಕಮ್ಮಿಯಿರಲಿ ಎನ್ನುವಷ್ಟು ಸಲೀಸಾಗಿ.

ನಾಲ್ಕೂ ಹತ್ತಕ್ಕೆ ಮತ್ತೆ ನಿಲ್ಲಿಸಿದಳು.

'ಇಲ್ಲಿಗೆ ಬಂದೆ.'

ಸಾಲುಗಿಡಗಳ ಆ ತುದಿಯಲ್ಲಿ ವಾಲ್ವು ಟಕ್ಕೆಂದಿತು.
ಕೊಳವೆಯಲ್ಲಿ ಉಳಿದ ನೀರು
ಸ್ವಲ್ಪ ಹೊತ್ತು ತನ್ನಷ್ಟಕ್ಕೆ ತೊಟ್ಟಿಕ್ಕಿತು.
ಇಬ್ಬರೂ ಅದು ಮುಗಿಯುವವರೆಗೆ ಮಾತಾಡಲಿಲ್ಲ.

ಆ ಸಾಲು ಇನ್ನು ಅಳಿಸಬಹುದು, ಎಂದಳು.
ಇರಲಿ ಬಿಡು, ಎಂದೆ.
ಕಾರು ಹತ್ತುವಾಗ ಅವಳು ಮೂರು ಸಲ ಬ್ಲೆಸ್ ಎಂದಳು,
ನಾನು ನಾಲ್ಕು.

ಜೇಬಿನಲ್ಲಿ ಫೋನಿತ್ತು.
ಕೇಟಿಲ್ ಇಷ್ಟು ಬೇಗ ಏಳುವವನಲ್ಲ.
ಬೂಟಿನ ಕೆಸರು ತೊಳೆದುಕೊಂಡೆ,
ಎಡದ್ದು ತೊಳೆದು, ಬಲದ್ದು ತೊಳೆದು,
ಮತ್ತೆ ಎಡದ್ದು.