ಬಲಗಾಲಿನ ಮಾತು

ಪ್ಯಾರಿಸ್ಸಿನ ಸೊಂಟಕ್ಕೆ ಸುತ್ತಿದ ಉಡಿದಾರ ಈ ರಸ್ತೆ;
ಬೆಳಿಗ್ಗೆ ಎಂಟೂಕಾಲಿಗೆಲ್ಲ ಗಂಟು ಬಿದ್ದಿರುತ್ತದೆ.
ಬಾನ್ಯೊಲೆ ದಾಟಿದರೆ ನಾಲ್ಕು ಸಾಲು ಕಾರು,
ಬಲತುದಿಯಲ್ಲಿ ಲಿಥುವೇನಿಯಾದ ಲಾರಿ, ಅದರ ಚಾಲಕ
ಸ್ಟೇರಿಂಗಿನ ಮೇಲೆ ಮೊಟ್ಟೆ ಸುಲಿಯುತ್ತಿದ್ದಾನೆ.
ಎಡದ ಎರಡು ಸಾಲುಗಳ ನಡುವೆ ಮಾತ್ರ
ಮಾರು ಅಗಲವೂ ಇಲ್ಲದ ಒಂದು ಸಂದು.
ಯಾರೂ ಬಿಟ್ಟದ್ದಲ್ಲ, ಯಾರೂ ಕೊಟ್ಟದ್ದಲ್ಲ,
ಉಳಿದದ್ದು.

ಅದರೊಳಗೆ ಮೆಜಿಯಾನ್.
ಬೆನ್ನ ಹಿಂದಿನ ಪೆಟ್ಟಿಗೆಯಲ್ಲಿ ಹನ್ನೊಂದು ಹಲ್ಲು.
ಮೊಂತ್ರೆಯ್‌ನ ಕುಲುಮೆಯಲ್ಲಿ ರಾತ್ರಿಯೆಲ್ಲ ಸುಟ್ಟು, ಉಜ್ಜಿ,
ಬಣ್ಣ ಕೂಡಿಸಿದ ಪಿಂಗಾಣಿ; ಒಂದೊಂದಕ್ಕೂ ಹತ್ತಿಯ ಹಾಸಿಗೆ,
ಒಂದೊಂದಕ್ಕೂ ಒಂದು ಬಾಯಿ
ಎಲ್ಲೋ ಕಾಯುತ್ತಿದೆ, ಕೈ ಅಡ್ಡ ಹಿಡಿದು.

ಕನ್ನಡಿಗಳು ಕಾರುಗಳ ಕಿವಿ. ತಾಗಿದರೆ ಜಗಳ.
ಮೊಣಕೈ ಒಳಗೆಳೆದುಕೊಂಡು,
ಸೂಜಿಗೆ ದಾರ ಪೋಣಿಸುವಾಗ ಅಜ್ಜಿಯರು
ಉಸಿರು ಹಿಡಿಯುತ್ತಾರಲ್ಲ, ಹಾಗೆ ಹಿಡಿದು
ಮುಂದೆ, ಮುಂದೆ. ಎಡಗಡೆ ಒಬ್ಬಾಕೆ ಹುಬ್ಬು ತೀಡುತ್ತಿದ್ದಾಳೆ.
ಬಲಗಡೆ ಒಬ್ಬ ಅಳುತ್ತಿದ್ದಾನೆ, ರೇಡಿಯೋ ಕೇಳಿಯೋ, ಫೋನು ಕೇಳಿಯೋ.
ನೋಡಿಯೂ ನೋಡದ ಹಾಗೆ ದಾಟಬೇಕು;
ಎರಡು ಮನೆಗಳ ನಡುವಿನ ಓಣಿಯಲ್ಲಿ ಹೋಗುವವನು
ಕಿಟಕಿಯೊಳಗೆ ಕಣ್ಣು ಹಾಕಬಾರದು.

ಒಂದು ಬೂದು ಕಾರು ಅವನ ದೀಪ ಕಂಡು
ಗೇಣು ಸರಿಯುತ್ತದೆ ಎಡಕ್ಕೆ.
ಕೈ ಎತ್ತಲಾಗದು: ಬಲಗೈಯಲ್ಲಿ ವೇಗ, ಎಡಗೈಯಲ್ಲಿ ಕ್ಲಚ್ಚು.
ಅದಕ್ಕೇ ಇಲ್ಲಿನ ಸವಾರರು
ಬ್ರೇಕಿನ ಮೇಲಿನ ಬಲಗಾಲನ್ನು ಎತ್ತಿ, ಹೊರಗೆ ಚಾಚಿ,
ಒಂದು ಕ್ಷಣ ಗಾಳಿಗೆ ಬಿಡುತ್ತಾರೆ.
ಬೇರೆ ಊರಲ್ಲಾದರೆ ಒದೆ ಅಂದುಕೊಂಡಾರು.
ಇಲ್ಲಿ ಅದು ನಮಸ್ಕಾರ.
ಧೂಳು ಹಿಡಿದ ಬೂಟಿನ, ತುದಿ ಸವೆದ ನಮಸ್ಕಾರ.

ಅಕ್ಕ ವಾರ್ದಿಯಾ ಇದನ್ನು ಒಪ್ಪುವವಳಲ್ಲ.
"ಇಪ್ಪತ್ತು ವರ್ಷದಿಂದ ಕಾರು ಓಡಿಸ್ತಿದೀನಿ, ಒಂದು ಗೇಣು ಕೊಟ್ಟಿಲ್ಲ.
ಸಾಲು ಅಂದ್ರೆ ಸಾಲು. ನಾನು ಕಾಯ್ತೀನಿ, ನೀವೂ ಕಾಯಿರಿ.
ನಿಮ್ಮ ಕಾಲು ನಿಮ್ಮ ಹತ್ರಾನೇ ಇಟ್ಕೊಳ್ಳಿ."
ಅವಳ ಮಾತಲ್ಲಿ ನ್ಯಾಯವಿಲ್ಲ ಅನ್ನಲಾರೆ.

ಮಾರ್ಚಿಯ ಒಂದು ಮಂಗಳವಾರ ಮೆಜಿಯಾನ್ ಬಿದ್ದ.
ಸಂದಿನಲ್ಲಲ್ಲ. ಅಷ್ಟು ವರ್ಷ ಸಂದಿನಲ್ಲಿ ಬದುಕಿ
ಬಿದ್ದದ್ದು ಖಾಲಿ ಬೀದಿಯಲ್ಲಿ, ಮೀನಂಗಡಿಯ ಮುಂದೆ,
ಕರಗಿ ಹರಿದ ಮಂಜುಗಡ್ಡೆಯ ನೀರಿನ ಮೇಲೆ.
ಪೆಟ್ಟಿಗೆ ಬಾಯಿ ಬಿಟ್ಟಿತ್ತು. ಅಂಗಡಿಯವನು ಮಂಡಿಯೂರಿ
ಎಂಟು ಹಲ್ಲು ಹುಡುಕಿಕೊಟ್ಟ;
ಅದರಲ್ಲಿ ಒಂದು ಮೀನಿನದು.
ನಾಲ್ಕು ಬಾಯಿಗಳು ಇನ್ನೂ ಎರಡು ವಾರ
ಕೈ ಅಡ್ಡ ಹಿಡಿದೇ ನಕ್ಕವು.

ಬಲಗಾಲಿಗೆ ತೊಡೆಯವರೆಗೆ ಬಿಳಿ ಕಟ್ಟು.
ಆರನೇ ವಾರ ಆಸ್ಪತ್ರೆಗೆ, ಅಕ್ಕನ ಕಾರಿನಲ್ಲಿ,
ಸೀಟು ಹಿಂದಕ್ಕೆ ತಳ್ಳಿ, ಮರದ ತುಂಡಿನಂಥ ಕಾಲು ಒಳಗಿಟ್ಟು.
ಅದೇ ಬಾನ್ಯೊಲೆ. ಅದೇ ಗಂಟು.
ನಿಂತ ಜಗತ್ತು ಅವನಿಗೆ ಕಂಡದ್ದು ಇದೇ ಮೊದಲು:
ಮುಂದಿನ ಕಾರಿನ ಹಿಂಗಾಜಿನಲ್ಲಿ ಬಿಸಿಲಿಗೆ ಬಿಳಿಚಿದ ಗೊಂಬೆ,
ತುಟಿಯಲ್ಲೇ ಅಕ್ಕನ ಲೆಕ್ಕ, ಬ್ರೇಕಿಗೊಂದು ಬೈಗುಳ,
ಹಿಂದಿನಿಂದ ಬರುವ ದೀಪ ಕನ್ನಡಿಯಲ್ಲಿ ಎಷ್ಟು ಚಿಕ್ಕದು,
ಎಷ್ಟು ಬೇಗ ದೊಡ್ಡದು.

ಅವನು ಏನೂ ಕೇಳಲಿಲ್ಲ.
ಅಕ್ಕ ಕನ್ನಡಿ ನೋಡಿದಳು. ಕಟ್ಟು ನೋಡಿದಳು.
ದವಡೆ ಬಿಗಿದು ಸ್ಟೇರಿಂಗನ್ನು ಕೂದಲೆಳೆಯಷ್ಟು ತಿರುಗಿಸಿದಳು.
ಗೇಣಲ್ಲ; ನಾಲ್ಕು ಬೆರಳು.
ಅವನ ಕಿಟಕಿ ಒರೆಸಿದ ಹಾಗೆ ಹಾದುಹೋದವಳು ಯಾರೋ,
ಹಸಿರು ಹೆಲ್ಮೆಟ್ಟಿನ ಕೆಳಗೆ ಹಾರುವ ಜಡೆ,
ಬಲಗಾಲು ಗಾಳಿಗೆ ಚಾಚಿ ಹೋದಳು.

"ಏನದು, ಒದೆಯೋದಾ?" ಅಂದಳು ಅಕ್ಕ, ಗೊತ್ತಿದ್ದೂ.
ಅವನು ಉತ್ತರ ಕೊಡಲಿಲ್ಲ.
ಡ್ಯಾಶ್‌ಬೋರ್ಡಿನ ಕೆಳಗೆ, ಕತ್ತಲಲ್ಲಿ,
ಬಿಳಿ ಕಟ್ಟಿನಾಚೆಯ ಐದು ಬೆರಳು
ತಾವಾಗಿ ಅರಳಿಕೊಂಡವು.