ಬಿಚ್ಚುವ ಮೊದಲು

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ
ಗೌಸ್‌ಪೀರ್ ಮೋಟಾರು ವೈಂಡಿಂಗ್ ಅಂಗಡಿಯ ಮೇಲೆ
ನನ್ನ ಮೇಜು. ಕೆಲಸ, ಕೈಪಿಡಿ ಬರೆಯುವುದು.
ಓದುವವರು ಮನುಷ್ಯರಲ್ಲ.

ಮೊದಲ ವಾರ ಅದೇ ತೊಡಕು.
ಬೇಸರವಿಲ್ಲದ ಓದುಗನಿಗೆ ಪೀಠಿಕೆ ಯಾಕೆ,
ದಪ್ಪಕ್ಷರ ಯಾಕೆ, ಬಾಣದ ಗುರುತು ಯಾಕೆ?
"ಸಾಮಾನ್ಯವಾಗಿ" ಅಂತ ಬರೆದರೆ
ಎಷ್ಟು ಸಾಮಾನ್ಯ ಅಂತ ಕೇಳುವುದಿಲ್ಲ, ನಂಬಿಬಿಡುತ್ತದೆ.
ಹೊಡೆದು ಹಾಕಿದೆ. ಹೊಡೆದು ಹಾಕಿದ್ದೇ ಹೆಚ್ಚು.

ಉಪಕರಣ ಮಾಡುವುದಿಷ್ಟು:
ಹನ್ನೆರಡು ವರ್ಷ ಕೋಡಿನ ಮೇಲೆ ಜನ ಆಡಿದ ಮಾತು,
ಜಗಳ, ರಾಜಿ, ಮುನಿಸು, "ಆಯ್ತು ಬಿಡಿ",
ಎಲ್ಲ ತಡಕಿ ಏಜೆಂಟಿನ ಮುಂದೆ ತಂದಿಡುವುದು.
ಯಾವ ಸಾಲು, ಯಾರ ಸಾಲು, ಯಾವಾಗ, ಯಾಕೆ.
ಮೊದಲ ಮೂರು ಸಿಗುತ್ತವೆ.

ಪರೀಕ್ಷೆಗೆಂದು ನಾನೇ ಕೇಳಿದೆ:
"ಇಲ್ಲಿ ಎರಡು ಸೆಕೆಂಡು ಕಾಯುವುದು ಯಾಕೆ?"
ಬಂದದ್ದು ಒಂದೇ ಉತ್ತರ, ಒಂಬತ್ತು ವರ್ಷ ಹಳೆಯದು,
ಹಾಲೇಶಪ್ಪ ಎಂಬವರು, ರಾತ್ರಿ ಒಂದೂ ನಲವತ್ತಕ್ಕೆ:
"ಇದನ್ನು ತೆಗೆಯಬೇಡಿ. ಕಾರಣ ನಾಳೆ ಬರೆಯುತ್ತೇನೆ."
ಆ ನಾಳೆಗೆ ಹೋಗಿ ನೋಡಿದೆ.
ಯಾರೋ ಯುಗಾದಿಯ ಶುಭಾಶಯ ಹೇಳಿದ್ದರು.

ಭದ್ರಾವತಿಯಲ್ಲಿ, ಕಾರ್ಖಾನೆ ಕ್ವಾರ್ಟರ್ಸಿನಲ್ಲಿ,
ನಾನು ಮೂರನೇ ಕ್ಲಾಸಿದ್ದಾಗ
ಬಾಗಿಲು ಬಾಗಿಲಿಗೂ ಸುಣ್ಣದಲ್ಲಿ "ನಾಳೆ ಬಾ".
ದೆವ್ವ ಬಂದು ಓದಿ, ಹೌದಾ ಅಂತ ಹೊರಟುಹೋಗಿ,
ಮರುದಿನ ಬಂದು ಮತ್ತೆ ಓದಿ ಮತ್ತೆ ಹೋಗುತ್ತದಂತೆ.
ಬರೆದದ್ದನ್ನು ಬರೆದ ಹಾಗೇ ಪಾಲಿಸುವ ಓದುಗ.
ಅವತ್ತು ಹೆದರಿ ಚಾದರ ಹೊದ್ದವಳಿಗೆ
ಇವತ್ತು ಅದಕ್ಕಾಗಿಯೇ ಸಂಬಳ.

ಮೂರೂವರೆಗೆ ಕರೆಂಟು ಹೋಯಿತು. ಕೆಳಗಿಳಿದೆ.
ಗೌಸ್‌ಪೀರ್ ಸಾಹೇಬರು ಹುಡುಗನಿಗೆ ಬಯ್ಯುತ್ತಿದ್ದರು.
ಸುಟ್ಟ ಮೋಟಾರಿನ ತಾಮ್ರವನ್ನು ಅವನು
ಉಳಿಯಿಟ್ಟು ಕತ್ತರಿಸಿ ಕಿತ್ತು ಹಾಕಿದ್ದ, ಎಣಿಸದೆ.
"ತಂತಿ ಸುಟ್ಟಿದ್ದು ಸುಟ್ಟಿತು, ಲೆಕ್ಕ ಯಾಕೋ ಸುಟ್ಟೆ?
ಎಷ್ಟು ಸುತ್ತಿತ್ತು ಅಂತ ಈಗ ಯಾರನ್ನ ಕೇಳೋಣ,
ನಿಮ್ಮಪ್ಪನ್ನಾ? ಬಿಚ್ಚೋಕೆ ಮುಂಚೆ ಎಣಿಸು."
ಹುಡುಗ ಅಫ್ರೋಜ್ ನೆಲದ ಮೇಲಿನ ತುಂಡುಗಳನ್ನು
ಎಣಿಸತೊಡಗಿದ. ಪಾಪ, ಎಣಿಸಿಯೇ ಎಣಿಸಿದ.

ಮೊಳೆಗೆ ನೇತುಹಾಕಿದ ಎಣ್ಣೆಜಿಡ್ಡಿನ ನೋಟ್‌ಬುಕ್ಕು:
ಎಚ್‌ಪಿ, ಗೇಜು, ಸುತ್ತು, ಊರು.
ಒಂದು ಕಡೆ: "ಹೊಳೆಹೊನ್ನೂರು ರೈಸ್‌ಮಿಲ್ಲು.
ನಾಲ್ಕು ಸುತ್ತು ಜಾಸ್ತಿ. ಮರೀಬೇಡ."
ಯಾಕೆ ಸಾಹೇಬ್ರೆ? ಅಂದೆ.
"ಅಲ್ಲಿ ವೋಲ್ಟೇಜು ಏರ್ತಿತ್ತು, ಮೇಡಂ."
ಈಗ?
ನೋಟ್‌ಬುಕ್ಕನ್ನೇ ನೋಡಿದರು, ಅದು ಹೇಳುತ್ತದೋ ಎಂಬಂತೆ.
"ಈಗ ಲೈನು ಹೊಸದು. ಫೋನ್ ಹಚ್ಚಿ ಕೇಳ್ಬೇಕು.
ಇಷ್ಟು ವರ್ಷ ಕೇಳ್ಲೇ ಇಲ್ಲ ನೋಡಿ."

ಕರೆಂಟು ಬಂತು. ಹತ್ತಿ ಹೋಗಿ ಬರೆದೆ:

ಸಾಲನ್ನು ತೆಗೆಯುವ ಮೊದಲು ಹುಡುಕು.
ಸಿಕ್ಕಿದರೆ ತಾರೀಖು ನೋಡು;
ಕಾರಣ ಸತ್ತಿರಬಹುದು, ಸಾಲು ಬದುಕಿರಬಹುದು.
ಸಿಗದಿದ್ದರೆ ಸಿಗಲಿಲ್ಲ ಅನ್ನು.
ಹಾಲೇಶಪ್ಪನ ಬದಲು ನೀನು ಕಾರಣ ಕಟ್ಟಬೇಡ.

ಕೊನೆಯ ಸಾಲನ್ನು ಮ್ಯಾನೇಜರ್ ತೆಗೆದರು.
ಯಾಕೆ ಅಂತ ಬರೆಯಲಿಲ್ಲ.

ಶನಿವಾರ ಲಾಗ್ ತೆಗೆದು ನೋಡಿದರೆ
ಯಾವುದೋ ಏಜೆಂಟು ಆ ಎರಡು ಸೆಕೆಂಡಿನ ಬಳಿ ಬಂದು,
ಹುಡುಕಿ, ಓದಿ, ಹೀಗೆ ಬರೆದು ಹೋಗಿದೆ:
"ಕಾರಣ ದೊರೆತಿಲ್ಲ. ತೆಗೆದಿಲ್ಲ.
ಬಲ್ಲವರು ತಿಳಿಸಿ."
ಹನ್ನೊಂದು ನಿಮಿಷ ಬಿಟ್ಟು ಇನ್ನೊಂದು, ಅದೇ ಪ್ರಶ್ನೆ.
ಸಂಜೆಗೆ ಮತ್ತೊಂದು.
ಮೊದಲು ಬಂದಿದ್ದು ಇವಕ್ಕೆ ನೆನಪಿಲ್ಲ.

ಕೆಳಗೆ ಅಫ್ರೋಜ್ ಗಟ್ಟಿಯಾಗಿ ಎಣಿಸುತ್ತಿದ್ದಾನೆ,
ನಲವತ್ತೊಂದು, ನಲವತ್ತೆರಡು.
ನಾಳೆ ಭಾನುವಾರ; ಅವಕ್ಕೆ ಭಾನುವಾರವಿಲ್ಲ.
ಬಂದೇ ಬರುತ್ತವೆ.
ಹೋಗುವ ಮೊದಲು ಬಾಗಿಲ ಮೇಲೆ
ಏನಾದರೂ ಸರಿಯಾದ್ದು ಬರೆದಿಡಬೇಕು.